ಹೊಗೆ ಬಿಟ್ಟ ಕೆಂಡ

ಯಾದಗಿರಿಯಿಂದ ಸುರಪುರಕ್ಕೆ ಹೋಗುವ ಬಸ್ಸು ಶಹಾಪುರ ಮುಟ್ಟುವ ಮುಂಚೆ ಒಂದು ಅಕ್ಕಿ ಗಿರಣಿಯ ಮಗ್ಗುಲಿನಿಂದ ಹಾಯುತ್ತದೆ. ಗಿರಣಿಯ ಹಿಂದೆ ಭತ್ತದ ಹೊಟ್ಟು ಗುಡ್ಡೆ ಬಿದ್ದಿರುತ್ತದೆ. ಮೊನ್ನೆ ಕಿಟಕಿಯ ಬದಿಗೆ ಕುಳಿತಿದ್ದಾಗ ಆ ಹೊಸ ಹೊಟ್ಟಿನ ವಾಸನೆ ಒಳಗೆ ಬಂದಿತು. ಪಕ್ಕದ ಹೆಣ್ಣುಮಗಳು ಧೂಳೆಂದು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ಮುಚ್ಚಿದರೂ ಪ್ರಯೋಜನವಿರಲಿಲ್ಲ. ಆ ವಾಸನೆ ನನ್ನ ಪಾಲಿಗೆ ಗಿರಣಿಯದಲ್ಲ, ನಮ್ಮ ಮನೆಯ ಒಳಖೋಲಿಯದು. ಕೆಲವು ವರ್ಷಗಳ ಹಿಂದಿನ ಒಂದು ಮಾಗಿಯ ಚಳಿಯದು.

ನಮ್ಮ ಊರಿನಿಂದ ನೋಡಿದರೆ ಶಹಾಪುರದ ಗುಡ್ಡ ಕಾಣುತ್ತದೆ. ಬುದ್ಧ ಮಲಗಿದ್ದಾನೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎಲ್ಲರೂ ಬುದ್ಧನ ಪಟಕ್ಕೆ ಕೈಮುಗಿಯುವವರೇ. ಆದರೂ ನನಗೆ ಅದು ಗುಡ್ಡವೇ. ನಾಲ್ಕು ಹೊಲ ದಾಟಿ ನಿಂತು ನೋಡಿದರೆ ಮೂಗು ಕರಗಿ ಹೋಗುತ್ತದೆ, ಹಣೆ ಎರಡಾಗುತ್ತದೆ. ಹೀಗೆ ಹೇಳಿ ನಾನು ಎಷ್ಟೋ ಮಂದಿಯ ಮನಸ್ಸು ಮುರಿದಿದ್ದೇನೆ. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಹೊಲಿಗೆಯ ಮಷೀನು ತುಳಿಯುತ್ತ, ಬಟ್ಟೆ ಸುತ್ತಿಕೊಂಡು ಬಂದ ಹಳೆಯ ಪತ್ರಿಕೆಗಳನ್ನು ಬಿಡಿಸಿ ಓದುತ್ತ ಅಕ್ಷರ ಗಟ್ಟಿ ಮಾಡಿಕೊಂಡವಳು. ಯಾರಾದರೂ ‘ಹಿರಿಯರು ಹೇಳ್ಯಾರ’ ಎಂದರೆ ‘ಯಾವ ಹಿರಿಯರು, ಯಾವಾಗ’ ಎಂದು ಕೇಳುವ ರೂಢಿ ಅಲ್ಲಿಂದ ಬಂದದ್ದು.

ಗಂಡ ತೀರಿದ ಮೇಲೆ ನಾನು ತಮ್ಮನ ಮನೆಯಲ್ಲಿದ್ದೆ. ತಮ್ಮನೂ ಹೋಗಿಬಿಟ್ಟಿದ್ದ. ಮನೆಯಲ್ಲಿ ಅವನ ಹೆಂಡತಿ ನಾಗಮ್ಮ, ಸೊಸೆ ಸಾವಿತ್ರಿ, ನಾನು. ನಾಗಮ್ಮನ ಮಗ ಸೈದಾಪುರದ ಹತ್ತಿರ ಕಡೇಚೂರಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಮನೆ ಕಲ್ಲುಗೋಡೆಯದು, ಮೇಲೆ ಮಣ್ಣಿನ ಮಾಳಿಗೆ. ಅಂಥ ಮನೆಗಳಲ್ಲಿ ಖೋಲಿಗೊಂದರಂತೆ ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತದೆ. ಒಳಗಿನ ಒಂದು ಖೋಲಿ ತಲೆಮಾರುಗಳಿಂದ ಬಾಣಂತಿಯರದು. ಆ ಮಾಗಿಯ ಹಿಂದಿನ ವರ್ಷ, ತೌರಿನಲ್ಲಿ ಯಾರೂ ಇಲ್ಲದ ಸಾವಿತ್ರಿಯ ಚೊಚ್ಚಲ ಕೂಸು ಅಲ್ಲಿ ತೀರಿಕೊಂಡಿತ್ತು. ಅಂದಿನಿಂದ ಬಾಗಿಲಿಗೆ ಚಿಲಕ.

“ಆ ಮೂಲಿ ತಿಂತದ” ಎನ್ನುತ್ತಿದ್ದಳು ನಾಗಮ್ಮ.

ಕಥೆ ಹೀಗಿತ್ತು: ಎಂದೋ ಒಂದು ಬರದಲ್ಲಿ ಆ ಮನೆಯ ಸೊಸೆಯೊಬ್ಬಳು ಆ ಖೋಲಿಯ ಮೂಲೆಗೆ ಒರಗಿ ಕುಳಿತವಳು ಹಸಿವಿನಿಂದ ಅಲ್ಲಿಯೇ ಸತ್ತಳು. ಹಸಿವು ಮೂಲೆಯಲ್ಲಿ ಉಳಿಯಿತು. ಒಂಟಿಯಾಗಿ ಸಿಕ್ಕ ಕೂಸನ್ನು ಅದು ತಿನ್ನುತ್ತದೆ. ನಾಗಮ್ಮನ ಕಡೆಯ ಕೂಸನ್ನು ತಿಂದಿತು. ಅದು ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಆಮೇಲೆ ಸಾವಿತ್ರಿಯ ಕೂಸನ್ನು ತಿಂದಿತು. ಸಾವಿತ್ರಿ ಕೂಸನ್ನು ಒಂಟಿ ಬಿಟ್ಟು ಹೊರಗೆ ಎದ್ದು ಬಂದಿದ್ದಳಂತೆ. ನಳದ ಬಳಿ ನೀರು ಹಿಡಿಯುವವರು ಇದನ್ನೇ ಇನ್ನೂ ಮೊನಚು ಮಾಡಿ ಹೇಳುತ್ತಿದ್ದರು: “ಕೈಗುಣ ಸರಿ ಇಲ್ಲ ಬಿಡ್ರಿ ಆಕೀದು.”

ನಾನು ಹುಟ್ಟಿದ್ದು ಅದೇ ಖೋಲಿಯಲ್ಲಿ. ಚಿಕ್ಕವಳಿದ್ದಾಗ ಈ ಕಥೆಯನ್ನು ಒಮ್ಮೆಯೂ ಕೇಳಿರಲಿಲ್ಲ. ನಮ್ಮವ್ವ ಹೇಳಲಿಲ್ಲ, ಅಜ್ಜಿ ಹೇಳಲಿಲ್ಲ. ಮೊದಲ ಸಾವು ಆದ ಮೇಲೆ ಕಥೆ ಬಂದಿತು. ಸಾವಿಗಿಂತ ಅದರ ಕಾರಣ ವಯಸ್ಸಿನಲ್ಲಿ ಚಿಕ್ಕದಾಗಿದ್ದರೆ ನನಗೆ ಅನುಮಾನ.

ಆ ವರ್ಷ ಹೆಣ್ಣುಮಕ್ಕಳ ಸಂಘದಿಂದ ಕೋಳಿಮರಿ ಕೊಡುತ್ತಾರೆಂದು ಸುದ್ದಿ ಬಂದಾಗ ಸಾವಿತ್ರಿ ಹೆಸರು ಬರೆಸಿಬಂದಳು. ವರ್ಷವಿಡೀ ತಲೆ ತಗ್ಗಿಸಿಕೊಂಡಿದ್ದವಳು ತಾನಾಗಿ ಬೇಡಿದ್ದು ಅದೊಂದೇ. ಹೇಳಿಕೊಡಲು ಬಂದ ಹುಡುಗಿ, ತಾಯಿ ಇಲ್ಲದ ಮರಿಗಳಿಗೆ ಮೊದಲ ವಾರಗಳಲ್ಲಿ ಕಾವಿನ ಜಾಗ ಬೇಕು, ಅದಕ್ಕೆ ಬ್ರೂಡರ್ ಎನ್ನುತ್ತಾರೆ ಎಂದಳು.

“ಏನು, ಬುರುಡಿ?” ಎಂದಳು ನಾಗಮ್ಮ.

“ಬುರುಡಿ ಅಲ್ಲತ್ತಿ, ಬ್ರೂಡರು” ಎಂದಳು ಸಾವಿತ್ರಿ.

“ಹೆಸರಽ ಅಪಶಕುನ ಅದ. ಎಲ್ಲಿ ಇಡ್ತೀರಿ ಈ ಬುರುಡಿ?”

“ಒಳಗಿನ ಖೋಲ್ಯಾಗ” ಎಂದೆ ನಾನು.

ನಾಗಮ್ಮ ನನ್ನನ್ನೇ ನೋಡಿದಳು. “ಯಕ್ಕಾ, ಊರೆಲ್ಲಾ ಬಿಟ್ಟು ನಿನಗ ಆ ಖೋಲಿನಽ ಬೇಕೇನು?”

“ಬೆಕ್ಕಿಲ್ಲ, ನಾಯಿಲ್ಲ, ಹಾವು ಹೊಗಾಕ ಸಂದಿಲ್ಲ. ಇಂಥಾ ಖೋಲಿ ಎಲ್ಲದ? ಚಿಲಕಾ ಹಾಕಿ ಯಾರಿಗಿ ಕಾಯಾಕತ್ತೀದಿ?”

“ಮರಿ ಸತ್ತುವಂದ್ರ ಮತ್ತ ಈಕಿ ಮ್ಯಾಲೆ ಬರ್ತದ ನೋಡು.” ಸೊಸೆಯ ಕಡೆಗೆ ಕೈಮಾಡಿದಳು. ನಾಗಮ್ಮ ಕೆಟ್ಟ ಅತ್ತೆಯಲ್ಲ. ಊರಿನ ಅರ್ಧ ಕೂಸುಗಳನ್ನು ತನ್ನ ಕಾಲಮೇಲೆ ಮಲಗಿಸಿಕೊಂಡು ನೀರೆರೆದವಳು. ಅವಳಿಗೆ ಇದ್ದದ್ದು ಭಯ. ಜೊತೆಗೆ ಇನ್ನೊಂದು ಮಾತಿತ್ತು: ಸಂಕ್ರಮಣ ಕಳೆದ ಮೇಲೆ ಮಗಳು ರೇಣುಕಾ ಹೆರಿಗೆಗೆ ಬರುವವಳಿದ್ದಳು. ಆಸ್ಪತ್ರೆಯಲ್ಲಿ ಹೆತ್ತರೂ ಬಾಣಂತನ ತೌರಿನಲ್ಲಿ. ಚಳಿಯಲ್ಲಿ ಬೆಚ್ಚಗಿರುವ ಖೋಲಿ ಅದೊಂದೇ. ಮೂಲೆಗೆ ಏನೇನೋ ಶಾಂತಿ ಮಾಡಿಸಿ, ಕೂಸನ್ನು ಕ್ಷಣವೂ ಒಂಟಿ ಬಿಡದೆ, ಸಾವಿತ್ರಿಯ ಕೈಗೆ ಮಾತ್ರ ಕೊಡದೆ ನಡೆಸಬೇಕೆಂದು ನಾಗಮ್ಮ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದಳು. ಇದು ಸಾವಿತ್ರಿಗೂ ಗೊತ್ತಿತ್ತು.

ಖೋಲಿ ತೊಳೆದು ಸುಣ್ಣ ಬಳಿದೆವು. ಗಿರಣಿಯಿಂದ ಹೊಟ್ಟು ತಂದು ಒಣಗಿಸಿ, ಫರಸಿ ಕಲ್ಲಿನ ನೆಲದ ಮೇಲೆ ನಾಲ್ಕು ಬೆರಳು ದಪ್ಪಕ್ಕೆ ಹರಡಿದೆವು. ಮರಿಗಳು ಹೊಟ್ಟನ್ನೇ ಕಾಳೆಂದು ತಿನ್ನದಿರಲೆಂದು ಮೇಲೆ ಪತ್ರಿಕೆ ಹಾಸಿದೆವು. ನೀರಿನ ತಟ್ಟೆಯಲ್ಲಿ ಮುಳುಗಿ ಸಾಯದಂತೆ ಹಳ್ಳದ ಹರಳು ಹಾಕಿದೆವು. ಸುತ್ತ ತಡೆ ಬೇಕಿತ್ತು; ದುಂಡಗಿರಲಿ ಎಂದು ಆ ಹುಡುಗಿ ಹೇಳಿದ್ದಳು. ಎರಡು ಗೋಡೆ ತಾವಾಗಿ ಸಿಕ್ಕುವಾಗ ದುಂಡಗೆ ಯಾಕೆಂದು ಸಾವಿತ್ರಿ ಮೂಲೆಯನ್ನೇ ಹಿಡಿದು ಉಳಿದೆರಡು ಬದಿಗೆ ಇಟ್ಟಿಗೆ ಜೋಡಿಸಿದಳು. ಮೇಲೆ ಬುಟ್ಟಿ ಬೋರಲು ಹಾಕಿ ಬಲ್ಬು ಇಳಿಬಿಟ್ಟೆವು. ಮರಿಗಳು ಬಂದವು. ಹಳದಿ, ಕಂದು, ಕೆಲವು ಬೂದಿ ಬಣ್ಣ. ಅಂಗೈಯಲ್ಲಿ ಹಿಡಿದರೆ ತೂಕವಿಲ್ಲ, ಬರೀ ಬಿಸಿ ಮತ್ತು ಮಿಡಿತ.

ಮೊದಲ ರಾತ್ರಿಯೇ ಕರೆಂಟು ಹೋಯಿತು. ಬೆಳಗ್ಗೆ ಬಾಗಿಲು ತೆಗೆದರೆ ಮೂಲೆಯಲ್ಲಿ ಮರಿಗಳ ಒಂದು ದಿಬ್ಬ.

ನಾಗಮ್ಮ ಹೊಸ್ತಿಲ ಹೊರಗೆ ನಿಂತು ನೋಡಿದಳು. “ತಿಂತಲ್ಲ” ಎಂದಳು, ಅಷ್ಟೇ.

ನಾನು ಕುಳಿತು ದಿಬ್ಬವನ್ನು ಬಿಡಿಸಿದೆ. ಮೇಲಿನವು ಬದುಕಿದ್ದವು, ಬೆಚ್ಚಗಿದ್ದವು. ಕೆಳಗಿನವು ಚಪ್ಪಟೆಯಾಗಿದ್ದವು. ಚಳಿಗೆ ಒಂದಕ್ಕೊಂದು ಒತ್ತಿಕೊಂಡಿವೆ. ಮೂಲೆಯಲ್ಲಿ ಒತ್ತಿದರೆ ಸರಿಯಲು ಹಾದಿಯಿಲ್ಲ. “ತಿಂದದ್ದು ಮೂಲಿ ಅಲ್ಲ ನಾಗಮ್ಮ. ಇವು ಒಂದರ ಮ್ಯಾಲೊಂದು ಬಿದ್ದು ಉಸಿರುಗಟ್ಟಿ ಸತ್ತಾವ. ಅದಕ್ಕಽ ಆ ಹುಡುಗಿ ದುಂಡಗ ಮಾಡ್ರಿ ಅಂದಿದ್ದಳು.”

“ಮೂಲ್ಯಾಗ ಸತ್ತಾವಿಲ್ಲೋ?”

“ಮೂಲ್ಯಾಗ ಸತ್ತಾವ.”

“ಅದನ್ನಽ ನಾನು ಹೇಳೂದು.”

ಅವಳ ಮಾತಿನಲ್ಲಿ ತಪ್ಪಿರಲಿಲ್ಲವೆಂಬುದೇ ನನಗೆ ಸಿಟ್ಟು ತರಿಸಿತು. ಅಂದೇ ಹಳೆಯ ತಗಡು ಬಗ್ಗಿಸಿ, ಖೋಲಿಯ ನಡುವೆ ದುಂಡಗೆ ಕಟ್ಟಿ ನಿಲ್ಲಿಸಿದೆ. ದುಂಡಗಿನದಕ್ಕೆ ಮೂಲೆಯೇ ಇಲ್ಲ. ಇನ್ನೇನು ತಿನ್ನುತ್ತದೋ ತಿನ್ನಲಿ ಎಂದುಕೊಂಡೆ.

ಆಮೇಲಿನ ದಿನಗಳು ಒಳ್ಳೆಯವು. ಮರಿಗಳು ಬಲ್ಬಿನ ಕೆಳಗೆ ಗುಂಪುಗೂಡಿದರೆ ಚಳಿ. ದೂರ ಓಡಿ ಕೊಕ್ಕು ತೆರೆದು ನಿಂತರೆ ಸೆಕೆ. ಅಂಗಳದಲ್ಲಿ ಕಾಳು ಚೆಲ್ಲಿದಂತೆ ಎಲ್ಲ ಕಡೆ ಸಮನಾಗಿ ಹರಡಿಕೊಂಡರೆ ಸುಖ. ಈ ಓದನ್ನು ಸಾವಿತ್ರಿ ನನಗಿಂತ ಬೇಗ ಕಲಿತಳು. ಬಲ್ಬು ಏರಿಸುವುದು, ಇಳಿಸುವುದು ಅವಳ ಕೆಲಸ. ಒಂದು ಬೂದಿ ಮರಿ ಯಾವಾಗಲೂ ತಗಡಿನ ಮೇಲೆ ಹಾರಲು ನೋಡುತ್ತಿತ್ತು. “ಈಕಿ ನೋಡ್ರಿ ದೊಡ್ಡತ್ತಿ, ನಿಮ್ಮಂಗ. ಹೇಳಿದ ಮಾತು ಕೇಳಂಗಿಲ್ಲ” ಎಂದು ನಕ್ಕಳು. ವರ್ಷದ ಮೇಲೆ ಕೇಳಿದ ನಗು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನಾಗಮ್ಮನ ಕೈ ಒಂದು ಗಳಿಗೆ ನಿಂತದ್ದು ನನಗೆ ಕೇಳಿಸಿತು.

ಎಳ್ಳಮಾವಾಸ್ಯೆ ಕಳೆದು ಚಳಿ ಬಲಿತಿತು. ಆಗಲೇ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಇಂದು ನಾಳೆ ಎಂದರು. ಒಂದು ದಿನ ಬಿಸಿನೀರಿನ ಬಾಟಲಿ ಇಟ್ಟು ಕಳೆದೆವು. ಸಂಜೆಯ ಹೊತ್ತಿಗೆ ಮರಿಗಳು ಮತ್ತೆ ಒತ್ತಿಕೊಳ್ಳತೊಡಗಿದವು. ಸಾವಿತ್ರಿಯ ಮುಖ ನೋಡಲಾಗದೆ ನಾಗಮ್ಮನೇ ಅಟ್ಟದಿಂದ ಶೇಗಡಿ ಇಳಿಸಿದಳು. ಬಾಣಂತಿಯ ಹೊರಸಿನ ಕೆಳಗೆ ಕೆಂಡ ತುಂಬಿ ಇಡುವ, ಮೂರು ಕಾಲಿನ ಕಬ್ಬಿಣದ ಶೇಗಡಿ.

“ಬಾಣಂತಿಗಿ ಇಟ್ಟಂಗ ಇಡಬೇಕು” ಎಂದು ಅಂಗಳದಲ್ಲಿ ಕುಳಿತು ಇದ್ದಲಿ ಊದುತ್ತ ಹೇಳಿಕೊಟ್ಟಳು. “ಹೊಗಿ ಇದ್ದಾಗ ಒಳಗ ಒಯ್ಯಬಾರದು. ಹೊಗಿ ಕೂಸಿನ ಎದಿಗಿ ಕೂಡ್ತದ. ಹೊಗಿ ಪೂರಾ ಬಿಡ್ಲಿ, ಕೆಂಡ ಕೆಂಪಗಾಗ್ಲಿ, ಆವಾಗ ಒಯ್ಯಿ. ಬಾಗಲಾ ಮುಚ್ಚು, ಸಂದಿಗಿ ಗೋಣಿ ತುರುಕು. ಥಂಡಿ ಗಾಳಿ ಒಳಗ ಬಂತಂದ್ರ ಎಲ್ಲಾ ವ್ಯರ್ಥ.”

ತಲೆಮಾರುಗಳ ಎಚ್ಚರಿಕೆ ಆ ಮಾತಿನಲ್ಲಿತ್ತು. ಅವಳ ಕೈಯ ಕೆಂಡ ನೋಡಲು ಚೆಂದವಿತ್ತು. ಒಂದೆಳೆ ಹೊಗೆಯಿಲ್ಲ, ವಾಸನೆಯಿಲ್ಲ. ಮರಿಗಳು ಮುಟ್ಟದಂತೆ ಸುತ್ತ ಜಾಳಿಗೆ ಕಟ್ಟಿ, ಶೇಗಡಿಯನ್ನು ನಡುವೆ ಇಟ್ಟು, ಗೋಣಿ ತುರುಕಿದೆವು. ಮುಚ್ಚುವ ಮುನ್ನ ನಾನು ನೋಡಿದೆ: ಮರಿಗಳು ಬಿಚ್ಚಿಕೊಂಡು ಹರಡಿಕೊಳ್ಳುತ್ತಿದ್ದವು.

ಬೆಳಗ್ಗೆಯೂ ಹಾಗೆಯೇ ಹರಡಿಕೊಂಡಿದ್ದವು. ಎಲ್ಲ ಕಡೆ ಸಮನಾಗಿ, ಅಂಗಳದಲ್ಲಿ ಕಾಳು ಚೆಲ್ಲಿದಂತೆ. ದಿಬ್ಬವಿರಲಿಲ್ಲ, ಒತ್ತಿಕೊಂಡಿರಲಿಲ್ಲ, ಒಂದರ ಮೈಗೊಂದು ತಾಗಿರಲಿಲ್ಲ. ಸುಖದ ಗುರುತೆಂದು ನಾವು ಕಲಿತಿದ್ದ ಅದೇ ಚಿತ್ರದಲ್ಲಿ, ಕೊಕ್ಕು ಹೊಟ್ಟಿಗೆ ಊರಿ, ಸತ್ತಿದ್ದವು. ಎತ್ತಿಕೊಂಡರೆ ಇನ್ನೂ ಬೆಚ್ಚಗಿದ್ದವು, ಕೆಂಡದ ಕಾವಿಗೆ. ತಗಡು ಹಾರಿ ಹೋಗಿದ್ದ ಕೆಲವು ಮಾತ್ರ ಬದುಕಿದ್ದವು. ಅವು ಹೊಸ್ತಿಲ ಬಳಿ, ಗೋಣಿ ಸ್ವಲ್ಪ ಸಡಿಲಾಗಿದ್ದ ಸಂದಿಗೆ ಕೊಕ್ಕು ಇಟ್ಟು ಕುಳಿತಿದ್ದವು.

ಒಳಗೆ ಕುಳಿತು ಒಂದೊಂದನ್ನೇ ಬುಟ್ಟಿಗೆ ಹಾಕುತ್ತಿದ್ದೆ. ಎಷ್ಟು ಹೊತ್ತಾಯಿತೋ, ತಲೆ ಭಾರವಾಯಿತು, ಹಣೆಯ ಎರಡೂ ಬದಿ ಹಿಂಡಿದಂತಾಯಿತು, ಹೊಟ್ಟೆ ತೊಳಸಿತು. ಎದ್ದು ನಿಲ್ಲಲು ಹೋದರೆ ಮೊಣಕಾಲು ನನ್ನವಾಗಿರಲಿಲ್ಲ. ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ಉಸಿರೆಳೆದೆ. ಅಂಗಳದಲ್ಲಿ ಬದುಕಿದ ಮರಿಗಳನ್ನು ಉಡಿಯಲ್ಲಿಟ್ಟುಕೊಂಡು ಕುಳಿತಿದ್ದ ಸಾವಿತ್ರಿ ತಲೆಯೆತ್ತಿದಳು.

“ತಲಿ ಭಾರ ಆಯ್ತೇನ್ರಿ ದೊಡ್ಡತ್ತಿ? ನನಗೂ ಹಂಗಽ ಆಗಿತ್ತು.”

“ಯಾವಾಗ?”

“ಆವತ್ತ.”

ಒಂದು ವರ್ಷದಿಂದ ಯಾರೂ ಅವಳನ್ನು ಕೇಳಿರಲಿಲ್ಲ. ಎಲ್ಲರೂ ಅವಳಿಗೆ ಹೇಳಿದ್ದರು. ನಾನೂ ಕೇಳಿರಲಿಲ್ಲ. ಈಗ ಕೇಳಿದೆ.

“ಎಚ್ಚರ ಆತ್ರಿ. ತಲಿ ಒಡೆದಂಗ ಆಗಿತ್ತು. ವಾಂತಿ ಬಂತು. ಹೊರಸಿನ ಮ್ಯಾಲೆ ಕೂಸಿತ್ತು, ಹೊಲಸಾಗ್ತದಂತ ಹೊರಗ ಹೋಗಾಕ ನೋಡಿದೆ. ನಿಂದ್ರಾಕ ಬರಲಿಲ್ಲ. ಅಂಬೆಗಾಲಿಲೆ ಹೋಗಿ ಬಾಗಲಾ ನೂಕಿದೆ. ಹೊರಗ ಥಂಡಿ ಗಾಳಿ ಬಡದ ಮ್ಯಾಲೆ ಜೀವ ಬಂದಂಗಾತು, ಅಲ್ಲೇ ಬಿದ್ದೆ. ಅತ್ತಿ ಬಂದು ನೋಡ್ದಾಗ…” ಮರಿಯ ಬೆನ್ನು ಸವರಿದಳು. “ನಾನು ಎದ್ದು ಹೋಗಬಾರದಿತ್ರಿ. ಒಂಟಿ ಬಿಟ್ಟೆ.”

“ಶೇಗಡಿ ಇತ್ತೇನು?”

“ಇರದೇನ್ರಿ, ಮಾಗ್ಯಾಗ.”

ಪ್ರತಿ ಚಳಿಗಾಲ ಪತ್ರಿಕೆಯ ಮೂಲೆಯಲ್ಲಿ ಒಂದು ಸಣ್ಣ ಸುದ್ದಿ ಬರುತ್ತದೆ. ಎಲ್ಲಿಯೋ ಕೆಲಸಗಾರರು ಮುಚ್ಚಿದ ಖೋಲಿಯಲ್ಲಿ ಇದ್ದಲಿ ಉರಿಸಿ ಮಲಗಿದರು, ಏಳಲಿಲ್ಲ. ಕೆಂಡದಿಂದ ಹೊರಡುವ ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಹೋದ ಮೇಲೂ ಅದು ಹೋಗಿರುವುದಿಲ್ಲ. ನಾನು ಓದಿದ್ದೆ, ಮಡಚಿ ಇಟ್ಟಿದ್ದೆ. ಅದು ದೂರದ ಯಾವುದೋ ಪಟ್ಟಣದ ಸುದ್ದಿಯಾಗಿತ್ತು, ನಮ್ಮ ಮನೆಯ ಶೇಗಡಿಯದಾಗಿರಲಿಲ್ಲ.

ಆದರೆ ಒಂದು ಪ್ರಶ್ನೆ ಉಳಿಯಿತು. ಅದನ್ನು ಕೇಳಿದವಳು ನಾಗಮ್ಮನೇ. ಮಧ್ಯಾಹ್ನ ಊಟ ಬಿಟ್ಟು ನನ್ನೆದುರು ಕುಳಿತು, ನಾನು ಹೇಳಿದ್ದನ್ನೆಲ್ಲ ಕೇಳಿ, ತಲೆಯಾಡಿಸಿದಳು.

“ಅಲ್ಲ ಯಕ್ಕಾ, ನಮ್ಮತ್ತಿ ಅದಽ ಖೋಲ್ಯಾಗ ಬಾಣಂತಿ ಆಗ್ಯಾಳ. ನೀ ಅಲ್ಲೇ ಬೆಳದಿ, ನಿನ್ನ ತಮ್ಮ ಬೆಳದ. ನನ್ನ ಮಗ, ರೇಣುಕಾ, ಎಲ್ಲಾರೂ ಆ ಶೇಗಡಿ ಕಾವಿನಾಗಽ ಬೆಳದಾರ. ಆವಾಗ ಯಾಕ ಸಾಯಲಿಲ್ಲ? ಕೆಂಡ ಬ್ಯಾರೆ ಇತ್ತೇನು?”

ಒಳ್ಳೆಯ ಪ್ರಶ್ನೆ. ನನ್ನಂಥವಳು ಕೇಳಬೇಕಾದದ್ದು. ಎದ್ದು ಆ ಖೋಲಿಗೆ ಹೋದೆ. ಗೋಡೆ ನೋಡಿದೆ, ನೆಲ ನೋಡಿದೆ. ಆಮೇಲೆ ಮೇಲೆ ನೋಡಿದೆ. ಉಳಿದ ಖೋಲಿಗಳಲ್ಲಿ ಬೆಳಕಿಂಡಿಯಿಂದ ಬಿಸಿಲಕೋಲು ಇಳಿದಿರುತ್ತಿತ್ತು. ಇಲ್ಲಿ ಮಾಳಿಗೆಯ ನಡುವೆ ಕಪ್ಪು ಚೌಕ. ಮೇಲೊಂದು ಫರಸಿ, ಸುತ್ತ ಸಿಮೆಂಟು.

“ಇದನ್ನ ಯಾವಾಗ ಮುಚ್ಚಿದ್ರಿ?”

ನಾಗಮ್ಮ ಹೊಸ್ತಿಲಾಚೆ ನಿಂತೇ ಹೇಳಿದಳು. “ರೇಣುಕಾ ಸಣ್ಣಾಕಿ ಇದ್ದಾಗ. ಆ ವರ್ಷ ಮಳಿ ಭಾಳ ಬಂತಲ್ಲ, ಖೋಲಿ ತುಂಬಾ ನೀರು. ನಿನ್ನ ತಮ್ಮ ಫರಸಿ ಹಾಕಿ ಸಿಮೆಂಟಿನ ಗಿಲಾಯಿ ಮಾಡಿಸಿದ.”

“ನಿನ್ನ ಕಡೀ ಕೂಸು?”

ಅವಳು ಬೆರಳು ಮಡಚಿ ವರ್ಷ ಎಣಿಸಿದಳು. ಕಡೆಯ ಕೂಸು ಹುಟ್ಟಿದ್ದು ಅದರ ಮರುವರ್ಷ. ಆ ಬಾಣಂತನದಲ್ಲಿ ಅವಳು ಎಚ್ಚರ ತಪ್ಪಿ ಬಿದ್ದಿದ್ದಳು, ಬಾಣಂತಿ ಸನ್ನಿ ಎಂದಿದ್ದರು. ಎಚ್ಚರವಾದಾಗ ಮಗ್ಗುಲಲ್ಲಿ ಕೂಸಿರಲಿಲ್ಲ, ಮೂಲೆಯ ಕಥೆ ಇತ್ತು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಿದರೆ ರೇಣುಕಾಳ ಹೊರಸಿನ ಕೆಳಗೆ ಶೇಗಡಿ ಬರುತ್ತಿತ್ತು, ಸಂದಿಗೆ ಗೋಣಿ ಬರುತ್ತಿತ್ತು. ಹೇಳಿಯೇಬಿಟ್ಟೆ: “ಹಿಂದಕ ಕೆಂಡದ ವಿಷ ಮ್ಯಾಲೆ ಬೆಳಕಿಂಡಿಯಿಂದ ಹೋಗ್ತಿತ್ತು ನಾಗಮ್ಮ. ಮುಚ್ಚಿದ ಮ್ಯಾಲೆ ಒಳಗಽ ಉಳೀತು. ಮೂಲಿ ಏನೂ ಮಾಡಿಲ್ಲ. ಸಾವಿತ್ರಿನೂ ಏನೂ ಮಾಡಿಲ್ಲ. ಆಕಿ ಎದ್ದು ಹೊರಗ ಬಂದಿದ್ದಕ್ಕಽ ಉಳದಾಳ.”

ನಾಗಮ್ಮ ಗೋಡೆ ಹಿಡಿದು ಮೆಲ್ಲಗೆ ಕುಳಿತಳು. ಅಡಿಗೆಮನೆಯ ಬಾಗಿಲಲ್ಲಿ ಸಾವಿತ್ರಿ ನಿಂತಿದ್ದಳು.

“ಹಂಗಂದ್ರ ಬೆಂಕಿ ಇಟ್ಟಾಕಿ ನಾನಽ” ಎಂದಳು ನಾಗಮ್ಮ.

ಮೂಲೆಯ ಕಥೆ ಯಾಕೆ ಹುಟ್ಟಿತೆಂದು ನನಗೆ ಆಗ ತಿಳಿಯಿತು. ಅದು ಯಾರನ್ನೋ ಹೆದರಿಸಲು ಹುಟ್ಟಿದ್ದಲ್ಲ. ಕೈಯಾರೆ ಊದಿ, ಹೊಗೆ ಆರುವವರೆಗೆ ಕಾದು, ಪ್ರೀತಿಯಿಂದ ಒಳಗೆ ಒಯ್ದಿಟ್ಟ ಹೆಂಗಸರ ಮೇಲೆ ಬೀಳಬೇಕಾದ ಭಾರವನ್ನು ಅದು ಇಷ್ಟು ವರ್ಷ ಹೊತ್ತುಕೊಂಡಿತ್ತು. ನಾನು ಅದನ್ನು ಇಳಿಸಿ ಅವಳ ಮೇಲಿಟ್ಟಿದ್ದೆ. ಸಮಾಧಾನಕ್ಕೆಂದು ಬಾಯಿಗೆ ಬಂದದ್ದು ಇನ್ನೊಂದು ನಿಜ: “ನೀ ಒಬ್ಬಾಕೇ ಅಲ್ಲ. ನಿನ್ನ ಕೂಸಿಗಿ ಶೇಗಡಿ ಇಟ್ಟಾಕಿ ನಮ್ಮವ್ವ.”

ಸಾವಿತ್ರಿ ಬಂದು ಅತ್ತೆಯ ಎದುರು ಕುಳಿತಳು. ಮುಟ್ಟಲಿಲ್ಲ. “ಏಳ್ರಿ ಅತ್ತಿ, ಊಟ ಆರತದ” ಎಂದಳು. ಅದು ಕ್ಷಮೆಯೋ ಬರೀ ಊಟದ ಮಾತೋ ನನಗೆ ಇಂದಿಗೂ ತಿಳಿದಿಲ್ಲ.

ಮರುದಿನ ಹಾರೆ ತೆಗೆದುಕೊಂಡು ಮಾಳಿಗೆ ಹತ್ತಿದವಳು ಸಾವಿತ್ರಿಯೇ. ನಾನು ಕೆಳಗೆ ನಿಂತಿದ್ದೆ. ಸಿಮೆಂಟು ಉದುರಿತು, ಫರಸಿ ಅಲುಗಿತು, ಧೂಳಿನ ಜೊತೆಗೆ ಬೆಳಕು ಬಿತ್ತು. ಅಷ್ಟು ವರ್ಷದ ಮೇಲೆ ಆ ಮೂಲೆಯನ್ನು ಹಗಲಿನಲ್ಲಿ ನೋಡಿದೆ. ಸುಣ್ಣ ಬಳಿದ ಎರಡು ಗೋಡೆ ಕೂಡುವ ಜಾಗ, ಅಷ್ಟೇ.

ರೇಣುಕಾ ಹೆಣ್ಣುಕೂಸಿನೊಡನೆ ಆಸ್ಪತ್ರೆಯಿಂದ ಬಂದಳು. ಶೇಗಡಿ ಇಡಲಿಲ್ಲ. ಕಂಬಳಿ, ಬಿಸಿನೀರಿನ ಬಾಟಲಿ, ತಾಯಿಯ ಮೈ. ಮೇಲೆ ಬೆಳಕಿಂಡಿಗೆ ಮಳೆ ತಡೆಯುವಂತೆ ಗೇಣೆತ್ತರಕ್ಕೆ ತಗಡಿನ ಮಾಡು. ಕೂಸು ಚೆನ್ನಾಗಿ ಬೆಳೆಯಿತು. ಇದರಿಂದ ನನ್ನ ಮಾತು ಸಾಬೀತಾಯಿತೆಂದು ಊರವರು ಹೇಳಿದರು. ನಾನು ಹಾಗೆ ಹೇಳಲಾರೆ. ಒಂದು ಕೂಸು ಬದುಕಿದ್ದು ಹಿಂದಿನ ಎರಡು ಕೂಸು ಯಾಕೆ ಸತ್ತವೆಂಬುದಕ್ಕೆ ಸಾಕ್ಷಿಯಾಗುವುದಿಲ್ಲ. ಅವನ್ನು ಯಾವ ವೈದ್ಯರೂ ನೋಡಲಿಲ್ಲ, ಮಣ್ಣು ಮಾಡಿ ಬಂದರು. ನನ್ನ ಬಳಿ ಇರುವುದು ಸತ್ತ ಮರಿಗಳು, ಮುಚ್ಚಿದ ಬೆಳಕಿಂಡಿ, ನೋಯುವ ಎರಡು ತಲೆ. ಬಲವಾದ ಅನುಮಾನ ಅದು. ಅದಕ್ಕಿಂತ ಹೆಚ್ಚಿನ ಹೆಸರು ಕೊಡಲು ನನಗೆ ಬಾರದು. ಕೆಲವೊಮ್ಮೆ ಬಸ್ಸಿನಲ್ಲಿ, ಹೊಟ್ಟಿನ ವಾಸನೆ ಬಂದಾಗ, ನನ್ನ ಕಥೆಯೂ ಮೂಲೆಯ ಕಥೆಯಂತೆ ಸಾವಿಗಿಂತ ವಯಸ್ಸಿನಲ್ಲಿ ಚಿಕ್ಕದು ಎಂದು ಹೊಳೆಯುತ್ತದೆ. ಆದರೂ ಆ ಕಿಂಡಿ ಮುಚ್ಚಗೊಡುವುದಿಲ್ಲ.

ಕೂಸನ್ನು ಎರೆಯುವ ದಿನ ನೀರು ಕಾದಿತ್ತು. ಎಲ್ಲರೂ ನಾಗಮ್ಮನನ್ನು ನೋಡಿದರು. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು. “ಸಾವಿತ್ರಿಗಿ ಕೊಡ್ರಿ. ಆಕಿ ಎರೀತಾಳ.” ರೇಣುಕಾ ಕೂಸನ್ನು ವೈನಿ ಸಾವಿತ್ರಿಯ ಕಾಲಮೇಲೆ ಮಲಗಿಸಿದಳು. ಅವಳು ಅಂಗೈಗೆ ಎಣ್ಣೆ ಹಚ್ಚಿಕೊಂಡಳು. ನಳದ ಬಳಿಯ ಮಾತು ಅಲ್ಲಿಗೆ ತೀರಿತು. ನಾಗಮ್ಮ ಮಾತ್ರ ಆ ಖೋಲಿಯ ಹೊಸ್ತಿಲು ದಾಟಲಿಲ್ಲ. ಹೊರಗೆ ಕುಳಿತು ಮೊಮ್ಮಗಳಿಗೆ ಜೋಗುಳ ಹಾಡುತ್ತಿದ್ದಳು, ಒಳಗೆ ಕೇಳುವಷ್ಟು ಗಟ್ಟಿಯಾಗಿ.

ಒಂದು ಮಧ್ಯಾಹ್ನ ನಾನು ಕೂಸಿನ ಬಳಿ ಕುಳಿತಿದ್ದೆ. ಬೆಳಕಿಂಡಿಯಿಂದ ಬಿಸಿಲು ಓರೆಯಾಗಿ ಇಳಿದು ಮೂಲೆಯನ್ನು ಮುಟ್ಟಿತ್ತು. “ಒಳಗ ಬಾರೇ ನಾಗಮ್ಮ” ಎಂದು ಕರೆದೆ. “ಏನದ ಇಲ್ಲಿ? ಮೂಲ್ಯಾಗ ಯಾರೂ ಇಲ್ಲ, ನೋಡಬಾ.”

“ಯಾರೂ ಇರಲಿಲ್ಲ ಯಕ್ಕಾ” ಎಂದಳು ಹೊರಗಿನಿಂದ. “ನೀ ಬೆಳಕು ಬಿಟ್ಟ ಮ್ಯಾಲೆ ಕಾಣಾಕತ್ಯಾರ. ನಾ ಕುಂತೀನಿ ಅಲ್ಲಿ, ಶೇಗಡಿ ಹಿಡಕೊಂಡು. ನನ್ನ ಮಗ್ಗಲಾಗ ನಿಮ್ಮವ್ವ.”

ಮೂಲೆ ನನ್ನ ಬೆನ್ನ ಹಿಂದಿತ್ತು. ತಿರುಗಿ ನೋಡಿ, ಇಲ್ಲ, ಬರೀ ಗೋಡೆ ಎಂದು ಹೇಳಬೇಕಿತ್ತು; ಹೇಳಲು ಬರುವವಳು ಆ ಮನೆಯಲ್ಲಿ ನಾನೊಬ್ಬಳೇ. ನಾನು ತಿರುಗಲಿಲ್ಲ.